ಬಾಯ್ಲರ್ ಮುಟ್ಟದ ವರ್ಷಗಳು

ಮೈಕಿನ ತಲೆಗೆ ತೊಡಿಸಿದ ಸ್ಪಂಜನ್ನು ಯಾರೋ ಉಗುರಿನಿಂದ ಕಿತ್ತಿದ್ದಾರೆ, ಒಂದೇ ಕಡೆ, ಚೂರು ಚೂರಾಗಿ, ಸರದಿಗೆ ಕಾಯುತ್ತ ಕೂತ ಯಾರದೋ ಕೆಲಸವಿರಬೇಕು, ಬಾಯಿಗೆ ಮಾತು ಸಿಗದಾಗ ಉಗುರಿಗೆ ಕೆಲಸ ಸಿಗುತ್ತದೆ — ಅವಳು ಓದುತ್ತಲೇ ಇದ್ದಾಳೆ, ಒಂಬತ್ತನೆಯ ನಿಯಮ, ಪರವಾನಗಿ ಪತ್ರ ಕಳೆದುಹೋದಲ್ಲಿ ಅಥವಾ ಓದಲಾಗದಷ್ಟು ಹಾಳಾದಲ್ಲಿ, ಬಾಯಿ ತಾನೇ ಓದಿಕೊಂಡು ಹೋಗುತ್ತದೆ, ಇಷ್ಟು ವರ್ಷದ ಚಾಕರಿಯಲ್ಲಿ ಅಷ್ಟನ್ನಾದರೂ ಕಲಿತಿದೆ, ಮನಸ್ಸು ಮಾತ್ರ ಮೇಜಿನ ಕೆಳಗೆ ಚಪ್ಪಲಿ ಕಳಚಿ ಊದಿಕೊಂಡ ಪಾದಗಳ ಪಕ್ಕದಲ್ಲಿ ಕೂತುಬಿಟ್ಟಿದೆ. ಊಟ ಮುಗಿದ ಹೊತ್ತು, ಸಭಾಂಗಣದಲ್ಲಿ ಅರ್ಧ ಜನ ತೂಕಡಿಸುತ್ತಿದ್ದಾರೆ, ಉಳಿದರ್ಧ ಫೋನು ನೋಡುತ್ತಿದ್ದಾರೆ, ಕೈ ಸ್ವಾಧೀನ ತಪ್ಪಿದವರಿಗೆ ದಿನದ ಕೆಲಸಗಳನ್ನು ಮತ್ತೆ ಕಲಿಸುವ ಆಕ್ಯುಪೇಶನಲ್ ಥೆರಪಿಸ್ಟರ ಪರವಾನಗಿ ನಿಯಮಗಳನ್ನು ತಿದ್ದುವ ಸಾರ್ವಜನಿಕ ಸಭೆ ಇದು, ಕರಡು ಬರೆದ ಅಧಿಕಾರಿ ಅವಳು, ಓದುವವಳೂ ಅವಳೇ, ಒಂದೊಂದನ್ನು ಓದಿದ ಮೇಲೆ ಅಧ್ಯಕ್ಷರು ಆಕ್ಷೇಪಣೆ ಇದೆಯಾ ಎಂದು ಕೇಳುತ್ತಾರೆ, ಯಾರೂ ಉಸಿರೆತ್ತುವುದಿಲ್ಲ, ಅಂಗೀಕಾರ ಎನ್ನುತ್ತಾರೆ, ಅವಳು ಅಂಚಿನಲ್ಲಿ ಗುರುತು ಹಾಕಿ ಮುಂದಿನದಕ್ಕೆ ಹೋಗುತ್ತಾಳೆ, ಹೀಗೇ ಹೋದರೆ ಸಂಜೆಯೊಳಗೆ ಮುಗಿದೀತು, ಮುಗಿದರೆ ಸಾಕು, ಎರಡು ವರ್ಷದಿಂದ ಈ ಕಡತ ಅವಳ ಮೇಜಿನ ಮೇಲೆ ಕೂತು ಅವಳನ್ನೇ ತಿನ್ನುತ್ತಿದೆ. ಹತ್ತನೆಯ ನಿಯಮ ಶುರು ಮಾಡುವಾಗ ಹಿಂದಿನ ಬಾಗಿಲು ತೆರೆಯಿತು, ಬಿಸಿಲು ಒಂದು ಕ್ಷಣ ನೆಲದ ಮೇಲೆ ಬಿದ್ದು ಎದ್ದುಹೋಯಿತು, ಒಳಗೆ ಬಂದವಳು ಕುರ್ಚಿಗಳ ನಡುವೆ ಸದ್ದಾಗದ ಹಾಗೆ ನಡೆದು ಮೂರನೆಯ ಸಾಲಿನಲ್ಲಿ ಕೂತಳು, ಅವಳ ಓರಗಿತ್ತಿ. ಬೆಳಿಗ್ಗೆ ಒಂದೇ ಅಡುಗೆಮನೆಯಲ್ಲಿ ಒಬ್ಬರ ಮೈಗೊಬ್ಬರು ತಾಗುತ್ತ ಟೀ ಕಾಸಿಕೊಂಡವರು, ಬರುತ್ತೇನೆ ಎಂದು ಒಂದು ಮಾತು ಹೇಳಲಿಲ್ಲ.

ಹೇಳುವುದಿಲ್ಲ ಅವಳು, ಹೇಳುವ ಜಾತಿಯೇ ಅಲ್ಲ, ಕೂತಳು, ಚೀಲವನ್ನು ಕಾಲ ಬಳಿ ಇಟ್ಟಳು, ಆಮೇಲೆ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿ ಅದರ ಮೇಲೆ ಭಾರ ಬಿಟ್ಟು ಕೂತಳು, ಚಳಿಗೆ ಮಕ್ಕಳು ಕೂರುವ ಹಾಗೆ — ವೇದಿಕೆಯ ಮೇಲಿನವಳಿಗೆ ಗೊತ್ತು ಆ ಕೂರುವ ರೀತಿ, ಏಳು ವರ್ಷ ನೋಡಿದ್ದಾಳೆ. ಅತ್ತೆಗೆ ಲಕ್ವ ಹೊಡೆದು ಆಸ್ಪತ್ರೆಯಿಂದ ಮನೆಗೆ ಬಂದ ವಾರ, ಬಲಗೈ ಯಾರೋ ಮರೆತುಹೋದ ಸಾಮಾನಿನ ಹಾಗೆ ಮಡಿಲಲ್ಲಿ ಬಿದ್ದಿರುತ್ತಿತ್ತು, ಬಾಯಿ ಮಾತ್ರ ಸರಿಯಾಗಿತ್ತು, ಅಮ್ಮನ ಬಾಯಿಗೆ ಹೊಡೆಯುವ ಧೈರ್ಯ ಲಕ್ವಕ್ಕೂ ಇರಲಿಲ್ಲ ಎಂದು ಮೈದುನ ತಮಾಷೆ ಮಾಡುತ್ತಿದ್ದ, ಓರಗಿತ್ತಿ ಆಸ್ಪತ್ರೆಯ ಥೆರಪಿಸ್ಟ್ ಕೆಲಸ ಬಿಟ್ಟಳು, ಬಿಡು ಎಂದು ಯಾರೂ ಹೇಳಲಿಲ್ಲ, ಬಿಡಬೇಡ ಎಂದೂ ಯಾರೂ ಹೇಳಲಿಲ್ಲ, ಅಕ್ಕಾ ನಿಮ್ಮ ಕೆಲಸ ಬಿಟ್ಟರೆ ಮತ್ತೆ ಸಿಗೋದಿಲ್ಲ, ನಂದು ಹಾಗಲ್ಲ, ಕೈಯಲ್ಲಿರೋ ವಿದ್ಯೆ, ಯಾವಾಗ ಬೇಕಾದರೂ ಹೋಗಬಹುದು ಎಂದಿದ್ದಳು. ಮೈದುನನ ಹಳೆಯ ಸೈಕಲ್ಲಿನ ಹ್ಯಾಂಡಲ್‌ನಿಂದ ರಬ್ಬರ್ ಕಿತ್ತು ಅತ್ತೆಯ ಚಮಚಕ್ಕೆ ತೊಡಿಸಿದಳು, ಹಿಡಿ ದಪ್ಪವಾದರೆ ಬೆರಳು ಹಿಡಿಯುತ್ತದಂತೆ, ಸ್ವೆಟರಿಗೆ ಓವರ್‌ಕೋಟಿನ ದಪ್ಪ ಗುಂಡಿಗಳನ್ನು ಹೊಲಿದಳು, ಆಮೇಲೆ ಎದುರಿಗೆ ಕೂತು ಕೈಗಳನ್ನು ತೊಡೆಯ ಕೆಳಗೆ ಸೇರಿಸಿದಳು. ಲೋಟ ಮೇಲೆದ್ದು ನಡುಗಿತು, ಟೀ ಎದೆಯ ಮೇಲೆ ಚೆಲ್ಲಿತು, ಅತ್ತೆ ಬೈದರು, ಲೋಟ ಮತ್ತೆ ಎದ್ದಿತು — ಓರಗಿತ್ತಿಯ ಕೈ ತೊಡೆಯ ಕೆಳಗಿಂದ ಬರಲಿಲ್ಲ. ನೋಡಲು ಬಂದ ಸೋದರತ್ತೆ ಬಾಗಿಲಾಚೆ ನಿಂತು, ಏನು ಕಲ್ಲೆದೆಯಮ್ಮಾ ನಿನ್ನ ಓರಗಿತ್ತೀದು, ಮುದುಕಿ ಅಷ್ಟು ಒದ್ದಾಡ್ತಾ ಇದ್ದರೆ ಸಿನಿಮಾ ನೋಡೋ ಹಾಗೆ ನೋಡ್ತಾಳಲ್ಲ ಎಂದರು, ಅವಳು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ, ಅಡ್ಡಗೋಡೆಯ ಮೇಲೆ ದೀಪ ಇಡುವುದು ಸರ್ಕಾರಿ ನೌಕರಿಯಲ್ಲಿ ಮೊದಲು ಕಲಿಯುವ ವಿದ್ಯೆ. ಹತ್ತನೆಯ ನಿಯಮ ಅಂಗೀಕಾರವಾಯಿತು.

ಹನ್ನೊಂದು, ಶುಲ್ಕದ ವಿಷಯ, ಯಾರೋ ಒಬ್ಬರು ಎದ್ದು ಶುಲ್ಕ ಜಾಸ್ತಿಯಾಯಿತು ಎಂದರು, ಅಧ್ಯಕ್ಷರು ಬರೆದುಕೊಳ್ಳಿ ಎಂದರು, ಅವಳು ಬರೆದುಕೊಂಡಳು, ಅಧ್ಯಕ್ಷರು ನಿವೃತ್ತ ಸರ್ಜನ್, ಒಳ್ಳೆಯ ಮನುಷ್ಯ, ಕಿವಿ ಸ್ವಲ್ಪ ಮಂದ, ಎದುರಿನವರ ತುಟಿಯನ್ನೇ ನೋಡುತ್ತ ಕೇಳುತ್ತಾರೆ. ಇನ್ನು ಎರಡು ನಿಯಮ ದಾಟಿದರೆ ಅದು. ಹದಿನಾಲ್ಕು. ಹದಿನಾಲ್ಕನ್ನು ಅವಳು ಬರೆದದ್ದು ಹೇಗೆಂದರೆ, ನಗು ಬರುತ್ತದೆ ಈಗಲೂ, ನಗುವಷ್ಟು ತ್ರಾಣವಿಲ್ಲ — ಇಲಾಖೆಯಲ್ಲಿ ಯಾರೂ ನಿಯಮವನ್ನು ಮೊದಲಿನಿಂದ ಬರೆಯುವುದಿಲ್ಲ, ಇನ್ನೊಂದರಿಂದ ಎತ್ತಿ ತರುತ್ತಾರೆ, ಹೊಸದಾಗಿ ಬರೆದರೆ ಮೇಲಿನವರು ಇದು ಎಲ್ಲಿಂದ ಬಂತು ಎಂದು ಕೇಳುತ್ತಾರೆ, ಎತ್ತಿ ತಂದರೆ ಯಾರೂ ಕೇಳುವುದಿಲ್ಲ, ಹಾಗಾಗಿ ಥೆರಪಿಸ್ಟರು ಕೆಲಸದಿಂದ ದೂರವಿದ್ದು ಮರಳಿದರೆ ಏನು ಮಾಡಬೇಕೆಂಬ ಪ್ರಶ್ನೆ ಬಂದಾಗ ಕಪಾಟಿನಲ್ಲಿ ಮೊದಲು ಕೈಗೆ ಸಿಕ್ಕಿದ್ದು ಬಾಯ್ಲರ್ ಚಾಲಕರ ಪರವಾನಗಿ ನಿಯಮಗಳು, ಅಚ್ಚುಕಟ್ಟಾದ ವಾಕ್ಯ, ಸತತ ಐದು ವರ್ಷ ಬಾಯ್ಲರ್ ನಿರ್ವಹಿಸದ ಚಾಲಕನು ಒಂದು ವರ್ಷ ಪರವಾನಗಿ ಹೊಂದಿದ ಮೇಲ್ವಿಚಾರಕನ ಕೆಳಗೆ ಕೆಲಸ ಮಾಡತಕ್ಕದ್ದು, ನಿರ್ವಹಣೆ ಎಂದರೆ ವೇತನ ಪಡೆದು ಮಾಡಿದ ನಿರ್ವಹಣೆ ಮಾತ್ರ. ಎತ್ತಿದಳು, ಬಾಯ್ಲರ್ ಇದ್ದಲ್ಲೆಲ್ಲ ಚಿಕಿತ್ಸೆ ಹಾಕಿದಳು, ಒಂದು ಕಡೆ ಮರೆತಳು, ಮೊದಲ ಸಭೆಯಲ್ಲಿ ಅಧ್ಯಕ್ಷರು ಕನ್ನಡಕ ಮೇಲೆ ಸರಿಸಿ, ಅಲ್ಲಮ್ಮಾ, ಐದು ವರ್ಷ ಬಾಯ್ಲರ್ ಮುಟ್ಟದ ಥೆರಪಿಸ್ಟ್ ಅಂತಿದೆಯಲ್ಲ, ಆರನೇ ವರ್ಷ ಮುಟ್ಟಿದರೆ ಕೈ ಸುಡೋದಿಲ್ವಾ ಎಂದು ನಕ್ಕರು, ಎಲ್ಲರೂ ನಕ್ಕರು, ಟೈಪಿಸ್ಟ್ ಹುಡುಗಿ ಮೇಜಿನ ಕೆಳಗೆ ಬಗ್ಗಿ ನಕ್ಕಳು, ಅವಳೂ ನಕ್ಕು ತಿದ್ದಿದಳು, ಮನೆಗೆ ಬಂದು ಹೇಳಿದಳು ಕೂಡ, ಓರಗಿತ್ತಿ ಪಾತ್ರೆ ತೊಳೆಯುತ್ತಿದ್ದವಳು ತಿರುಗದೆಯೇ, ಅತ್ತೆಯವರು ಬಾಯ್ಲರ್‌ಗಿಂತ ಏನು ಕಡಿಮೆ ಇದ್ದರು ಬಿಡಿ ಅಕ್ಕಾ ಎಂದಳು. ಬಾಯ್ಲರ್ ಎಂಬ ಪದ ಹೋಯಿತು. ವೇತನ ಪಡೆದು ಎಂಬ ಎರಡು ಪದ ಉಳಿದವು, ಅವು ಯಾರ ಕಣ್ಣಿಗೂ ಬೀಳಲಿಲ್ಲ, ಬರೆದವಳ ಕಣ್ಣಿಗೂ ಬೀಳಲಿಲ್ಲ, ಅತ್ತೆ ತೀರಿಕೊಂಡು ವರ್ಷ ಕಳೆದು ಓರಗಿತ್ತಿ ಅಟ್ಟದಿಂದ ತನ್ನ ಬಿಳಿ ಕೋಟು ಇಳಿಸಿ ಬಿಸಿಲಿಗೆ ಹಾಕುವವರೆಗೂ.

ಕೋಟು ಹಗ್ಗದ ಮೇಲೆ ತೂಗುತ್ತಿತ್ತು, ಕಾಲರ್ ಹಳದಿಯಾಗಿತ್ತು, ಏನಿದು ಎಂದರೆ, ಮಕ್ಕಳ ಕೇಂದ್ರದಲ್ಲಿ ಒಂದು ಜಾಗ ಖಾಲಿ ಇದೆಯಂತೆ ಅಕ್ಕಾ, ಕೈ ಸ್ವಾಧೀನ ಇಲ್ಲದ ಮಕ್ಕಳು, ಬರ್ತೀನಿ ಅಂದಿದ್ದೀನಿ, ಪರವಾನಗಿ ಒಂದು ನವೀಕರಿಸಿಕೊಂಡು ಬನ್ನಿ ಅಂದಿದ್ದಾರೆ — ಓರಗಿತ್ತಿಯ ಮುಖದಲ್ಲಿ ಅಂಥ ಬೆಳಕನ್ನು ಅವಳು ನೋಡಿದ್ದು ಮದುವೆಯ ಹೊಸತರಲ್ಲಿ, ಆಗ ಹದಿನಾಲ್ಕನೆಯ ನಿಯಮ ನೆನಪಾಯಿತು. ವೇತನ ಪಡೆದು. ಏಳು ವರ್ಷ ಎದುರು ಕೂತು ಲೋಟ ನೋಡಿದ್ದಕ್ಕೆ ಯಾರು ವೇತನ ಕೊಟ್ಟರು, ಕಡತದ ಲೆಕ್ಕದಲ್ಲಿ ಓರಗಿತ್ತಿ ಏಳು ವರ್ಷ ಸುಮ್ಮನೆ ಕೂತವಳು, ಐವತ್ತರ ಹತ್ತಿರದ ಹೆಂಗಸು ಇನ್ನು ಒಂದು ವರ್ಷ ದೊಡ್ಡಾಸ್ಪತ್ರೆಯಲ್ಲಿ ತನ್ನ ಮಗಳ ವಯಸ್ಸಿನವರ ಕೆಳಗೆ ನಿಂತು ಚಮಚ ಹಿಡಿಸುವುದನ್ನು ಕಲಿಯಬೇಕು, ಅಷ್ಟರಲ್ಲಿ ಕೇಂದ್ರದ ಜಾಗ ಯಾರಿಗೋ ಹೋಗಿರುತ್ತದೆ, ಈ ವಯಸ್ಸಿನವಳಿಗೆ ಇನ್ನೊಂದು ಜಾಗ ಯಾರು ಕೊಟ್ಟಾರು. ಗಂಡ ಅಂದೇ ಹೇಳಿದರು, ಒಂದು ಸಾಲು ಸೇರಿಸಿಬಿಡು, ನಿನ್ನ ಗಂಟೇನು ಹೋಗುತ್ತೆ. ರೀ, ನಾನು ಬರೆಯೋ ನಿಯಮದಲ್ಲಿ ನಮ್ಮನೆಯವರಿಗೆ ಅಂತ ಸಾಲು ಸೇರಿಸೋದಾ, ಬೇಲಿನೇ ಎದ್ದು ಹೊಲ ಮೇಯ್ದ ಹಾಗಲ್ವಾ. ಓಹೋ, ಊರಿಗೆ ಉಪಕಾರಿ ಮನೆಗೆ ಮಾರಿ ಅನ್ನೋದು ಸುಮ್ಮನೆ ಅಲ್ಲ, ನಮ್ಮಮ್ಮನ್ನ ನೋಡಿಕೊಂಡವಳು ಯಾರು, ನೀನಾ, ನಾನಾ. ಆಮೇಲೆ ಅವರು ಮಲಗಿ ನಿದ್ದೆ ಹೋದರು, ಹೇಳುವವರಿಗೆ ಅದೊಂದು ಸುಖ, ಹೇಳಿ ಮಲಗುವುದು. ಅವರ ಮಾತು ಸರಿ, ಅವಳ ಮಾತೂ ಸರಿ, ಎರಡೂ ಸರಿಯಾದರೆ ಮನುಷ್ಯ ಎಲ್ಲಿ ನಿಲ್ಲಬೇಕು. ಓರಗಿತ್ತಿಗೆ ನಿಯಮ ಗೊತ್ತು, ಕರಡು ಪ್ರಕಟವಾದ ದಿನವೇ ಓದಿದ್ದಾಳೆ, ಕಾಗದ ಊಟದ ಮೇಜಿನ ಮೇಲೇ ಇತ್ತು, ಮಡಿಸಿ ಹಣ್ಣಿನ ಬುಟ್ಟಿಯ ಕೆಳಗೆ ಇಟ್ಟಳು, ಕೋಟನ್ನು ಇಸ್ತ್ರಿ ಮಾಡಿ ತೂಗುಹಾಕಿದಳು, ಅಕ್ಕಾ ಸಕ್ಕರೆ ಕಡಿಮೆ ಆಯ್ತಾ ಎಂದು ಕೇಳಿದಳು, ನಿಯಮ ಬದಲಿಸಿ ಎಂಬ ಆ ಒಂದು ಮಾತು ಕೇಳಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು, ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಕೇಳಿದ್ದರೆ ಆಗುವುದಿಲ್ಲ ಎಂದಾದರೂ ಹೇಳಿ ಹಗುರಾಗಬಹುದಿತ್ತು, ಏನೂ ಕೇಳದವರ ಮೇಲೆ ಬರುವ ಸಿಟ್ಟಿನಷ್ಟು ಕೆಟ್ಟ ಸಿಟ್ಟು ಇನ್ನೊಂದಿಲ್ಲ.

ಹನ್ನೆರಡು, ದೂರು ಸಮಿತಿ. ಹದಿಮೂರು, ಫಲಕದಲ್ಲಿ ಹೆಸರು ಬರೆಸುವ ರೀತಿ. ನೀರು ಕುಡಿದಳು, ಲೋಟ ಎತ್ತುವಾಗ ಕೈ ನಡುಗಿತು, ನಡುಗಿದ್ದು ಆಯಾಸಕ್ಕೆ, ಬೇರೆ ಏನೂ ಅಲ್ಲ, ಮೂರನೆಯ ಸಾಲಿನಲ್ಲಿ ಎರಡು ಕಣ್ಣು ಆ ಲೋಟವನ್ನೇ ನೋಡುತ್ತಿದ್ದವು, ಕೆಲಸ ಬಿಟ್ಟು ಎಷ್ಟು ವರ್ಷವಾದರೆ ಏನು, ನಡುಗುವ ಲೋಟ ಕಂಡರೆ ಆ ಕಣ್ಣು ಬಿಡುವುದಿಲ್ಲ, ಕೈ ಮಾತ್ರ ತೊಡೆಯ ಕೆಳಗೇ. ಹದಿನಾಲ್ಕು ಎಂದಳು. ಓದಿದಳು, ಕೆಲಸದಿಂದ ದೂರವಿದ್ದು ಮರಳುವವರು, ಸತತ ಐದು ವರ್ಷ, ವೇತನ ಪಡೆದು, ಅಲ್ಲಿ ನಾಲಿಗೆ ಎಡವಿತು, ಯಾರೂ ಗಮನಿಸಲಿಲ್ಲ, ಒಬ್ಬರನ್ನು ಬಿಟ್ಟು. ಓದಿ ಮುಗಿಸಿದ ಕೂಡಲೇ ಥೆರಪಿಸ್ಟರ ಸಂಘದ ಕಾರ್ಯದರ್ಶಿ ಎದ್ದರು, ಗಟ್ಟಿ ದನಿಯ ಹೆಂಗಸು, ದೊಡ್ಡಾಸ್ಪತ್ರೆಯಲ್ಲಿ ವಿಭಾಗ ನಡೆಸುವವರು, ಇದು ಬೇಕೇ ಬೇಕು ಸಾರ್ ಎಂದರು, ನಮ್ಮಲ್ಲಿ ಒಬ್ಬರು ಹತ್ತು ವರ್ಷ ಮನೇಲಿದ್ದು ವಾಪಸ್ ಬಂದರು, ಬಂದ ವಾರವೇ ಒಂದು ಮಗುವಿನ ಮುಂಗೈಗೆ ಪಟ್ಟಿ ಬಿಗಿಯಾಗಿ ಕಟ್ಟಿ ಬೆರಳು ನೀಲಿಯಾದವು, ಪುಣ್ಯಕ್ಕೆ ನರ್ಸ್ ನೋಡಿದರು, ಇದು ಜನರ ಕೈ ಕಾಲಿನ ಪ್ರಶ್ನೆ ಸಾರ್, ಯಾರ ಮುಲಾಜಿಗೂ ನೋಡೋ ಹಾಗಿಲ್ಲ. ನಿಜ, ಅವರು ಹೇಳುವುದರಲ್ಲಿ ಒಂದಕ್ಷರ ಸುಳ್ಳಿಲ್ಲ, ಕೈ ಕಾಲಿನ ಪ್ರಶ್ನೆ, ಹತ್ತು ವರ್ಷ ಟಿವಿ ನೋಡುತ್ತ ಕೂತವರೂ ಏಳು ವರ್ಷ ಒಂದೇ ಒಂದು ಕೈಯನ್ನು ನೋಡುತ್ತ ಕೂತವರೂ ಬೇರೆ ಎಂದು ಹೇಳಲು ಈ ಸಭೆಯಲ್ಲಿ ಯಾರಿಗೆ ಗೊತ್ತು, ಇಬ್ಬರಿಗೆ ಗೊತ್ತು, ಒಬ್ಬಳು ವೇದಿಕೆಯ ಮೇಲೆ, ಒಬ್ಬಳು ಮೂರನೆಯ ಸಾಲಿನಲ್ಲಿ. ಆಕ್ಷೇಪಣೆ ಇದೆಯಾ ಎಂದರು ಅಧ್ಯಕ್ಷರು.

ಎದ್ದೇಳೇ. ಎದ್ದು ಹೇಳೇ ಮಾರಾಯ್ತಿ, ನಿನಗೆ ಹಕ್ಕಿದೆ, ಸಾರ್ವಜನಿಕ ಸಭೆ ಇದು, ನಾನು ಇಂಥವಳು, ಇಷ್ಟು ವರ್ಷ ಇದನ್ನು ಮಾಡಿದ್ದೇನೆ ಎಂದು ಎರಡು ಮಾತು, ನೀನು ಹೇಳಿದರೆ ನಾನು ಬರೆದುಕೊಳ್ಳುತ್ತೇನೆ, ಬರೆದುಕೊಳ್ಳುವುದೊಂದೇ ನನ್ನ ಕೆಲಸ, ಯಾರೂ ನನ್ನನ್ನು ಏನೂ ಅನ್ನುವುದಿಲ್ಲ, ಗೌರವ ಉಳಿಯುತ್ತದೆ, ನೌಕರಿ ಉಳಿಯುತ್ತದೆ, ನಿನ್ನ ಜಾಗವೂ — ಓರಗಿತ್ತಿ ಏಳಲಿಲ್ಲ. ಭುಜ ಸ್ವಲ್ಪ ಮುಂದಕ್ಕೆ ಬಾಗಿದೆ, ಕಣ್ಣು ಅವಳ ಮೇಲೆ, ಅಧ್ಯಕ್ಷರ ಮೇಲಲ್ಲ, ಸಂಘದವರ ಮೇಲಲ್ಲ, ಹಾಗಾದರೆ ಬಂದದ್ದು ಮಾತಾಡಲು ಅಲ್ಲ, ನೋಡಲು, ಅಯ್ಯೋ, ನೋಡಲು ಬಂದಿದ್ದಾಳೆ. ಅತ್ತೆ ಇದ್ದಾಗ ದಿನಾ ಬೆಳಿಗ್ಗೆ ಹಿರಿಸೊಸೆಯನ್ನು ಗುಟ್ಟಾಗಿ ಕರೆಯುತ್ತಿದ್ದರು, ಬಾರೇ ಇಲ್ಲಿ, ಅವಳು ಸ್ನಾನಕ್ಕೆ ಹೋಗಿದ್ದಾಳೆ, ಬರೋದ್ರೊಳಗೆ ಈ ಗುಂಡಿ ಹಾಕಿಬಿಡು, ಆ ಪೊಲೀಸಮ್ಮನ ಕಾಟ ತಡೆಯೋಕಾಗಲ್ಲ, ಅವಳು ಆಫೀಸಿನ ಗಡಿಬಿಡಿಯಲ್ಲಿ ಪಟಪಟನೆ ಹಾಕಿಬಿಡುತ್ತಿದ್ದಳು, ಇಬ್ಬರೂ ಕಳ್ಳರ ಹಾಗೆ ನಗುತ್ತಿದ್ದರು, ಏನೋ ದೊಡ್ಡ ಉಪಕಾರ ಮಾಡಿದ ಸಮಾಧಾನದಲ್ಲಿ ಬಸ್ಸು ಹತ್ತುತ್ತಿದ್ದಳು, ಎಷ್ಟೋ ದಿನ ನಡೆಯಿತು ಅದು, ಒಂದು ದಿನ ಓರಗಿತ್ತಿ ತಲೆಗೆ ಟವೆಲು ಸುತ್ತಿಕೊಂಡೇ ಬಾಗಿಲಲ್ಲಿ ನಿಂತಿದ್ದಳು, ಜಗಳವಾಡಲಿಲ್ಲ, ಗುಂಡಿಗಳನ್ನೆಲ್ಲ ಬಿಚ್ಚಿದಳು, ಮೊದಲಿನಿಂದ ಹಾಕಿ ಅತ್ತೆ ಎಂದಳು, ಕೂತಳು, ಕೈ ಕೆಳಗೆ. ಆಮೇಲೆ ಅಡುಗೆಮನೆಯಲ್ಲಿ ಮೆಲ್ಲಗೆ, ಅಕ್ಕಾ, ನನಗೆ ಆಸೆ ಇಲ್ಲ ಅಂದುಕೊಂಡಿದ್ದೀರಾ, ಕೈ ತುರಿಸುತ್ತೆ, ಅದಕ್ಕೇ ಅದರ ಮೇಲೆ ಕೂತುಕೊಳ್ಳೋದು, ಬೀಳೋ ಹಾಗಾದರೆ ಹಿಡೀತೀನಿ, ಅಲ್ಲಿವರೆಗೂ ಮುಟ್ಟೋದಿಲ್ಲ, ಮುಟ್ಟಿದರೆ ಅವರ ಕೈ ಅವರಿಗೆ ವಾಪಸ್ ಬರೋದೇ ಇಲ್ಲ. ಅಂದು ಒಂದು ಗುಂಡಿಗೆ ಬೆಳಗಿನ ಪತ್ರಿಕೆ ಓದಿ ಮುಗಿಯುವಷ್ಟು ಹೊತ್ತಾಯಿತು, ಚಳಿಗಾಲ ಕಳೆಯುವ ಹೊತ್ತಿಗೆ ಅತ್ತೆ ತಮ್ಮ ಸ್ವೆಟರಿನ ಗುಂಡಿ ತಾವೇ ಹಾಕಿಕೊಂಡು, ಇವಳ ಕಾಟಕ್ಕೆ ಕಲಿತೆ ಎಂದು ಬಂದವರಿಗೆಲ್ಲ ಬೈದು ಹೇಳುತ್ತಿದ್ದರು, ಹೇಳುವಾಗ ಬಲಗೈಯನ್ನೇ ಎತ್ತಿ ತೋರಿಸುತ್ತಿದ್ದರು.

ಯಾರೂ ಇಲ್ಲವೇ, ಹಾಗಾದರೆ ಎಂದು ಅಧ್ಯಕ್ಷರು ಮುಂದಿನ ಪುಟಕ್ಕೆ ಬೆರಳು ತೇವ ಮಾಡಿಕೊಂಡರು, ಅವಳ ಪೆನ್ನು ಅಂಚಿಗೆ ಹೋಯಿತು, ಗುರುತು ಹಾಕುವ ಜಾಗ, ಹಾಕಿದರೆ ಮುಗಿಯಿತು, ಮನೆಗೆ ಹೋಗಿ ಕಾಲು ನೀರಿಗೆ ಇಳಿಬಿಟ್ಟು ಕೂರಬಹುದು, ದಣಿದಿದ್ದೇನೆ, ನಿಜವಾಗಿ ದಣಿದಿದ್ದೇನೆ, ಬೆಕ್ಕಿಗೆ ಗಂಟೆ ಕಟ್ಟಲು ನಾನೇ ಬೇಕಾ — ಸಾರ್, ಒಂದು ನಿಮಿಷ. ಯಾರು ಹೇಳಿದ್ದು, ಅವಳೇ, ಮೈಕು ಅವಳ ದನಿಯನ್ನು ಗೋಡೆಗೆಲ್ಲ ಎರಚಿತು. ಸಾರ್, ಈ ನಿಯಮದಲ್ಲಿ ನನ್ನ ಮನೆಯವರ ಹಿತ ಇದೆ, ಇದನ್ನು ನಾನು ಬರೆಯೋ ಹಾಗಿಲ್ಲ, ಮೊದಲೇ ಹೇಳಬೇಕಾಗಿತ್ತು, ಹೇಳಲಿಲ್ಲ, ಈಗ ಈ ಕುರ್ಚಿ ಬಿಡ್ತೀನಿ, ಬಿಟ್ಟು ಕೆಳಗಿನ ಮೈಕಿನಿಂದ ಆಕ್ಷೇಪಣೆ ಹೇಳ್ತೀನಿ. ಅಧ್ಯಕ್ಷರು ಅವಳ ತುಟಿಯನ್ನೇ ನೋಡಿದರು, ತಾವು ಓದಿದ್ದು ತಪ್ಪಿರಬೇಕೆಂಬ ಹಾಗೆ ಇನ್ನೊಮ್ಮೆ ನೋಡಿದರು, ಅಮ್ಮಾ, ಆ ಕಡೆ ನಿಂತರೆ ಮತ್ತೆ ಈ ಕಡೆ ಬಂದು ಕೂರೋಕಾಗಲ್ಲ, ಕಡತ ಬೇರೆಯವರಿಗೆ ಹೋಗುತ್ತೆ, ಮೊದಲೇ ಯಾಕೆ ಹೇಳಲಿಲ್ಲ ಅಂತ ಮೇಲಿನವರು ಕೇಳ್ತಾರೆ, ಯೋಚನೆ ಮಾಡಿ. ಗೊತ್ತು ಸಾರ್. ಕಾಲು ಚಪ್ಪಲಿಯನ್ನು ಹುಡುಕಿತು, ಒಂದು ಸಿಕ್ಕಿತು, ಇನ್ನೊಂದು ಎಲ್ಲೋ ಸರಿದಿತ್ತು, ಎರಡು ವರ್ಷದ ಕಡತವನ್ನು ಮೇಜಿನ ಮೇಲೆ ಬಿಟ್ಟು ಒಂದೇ ಚಪ್ಪಲಿಯಲ್ಲಿ ಮೂರು ಮೆಟ್ಟಿಲು ಇಳಿದಳು, ಇದೇನು ನಾಟಕ ಎಂದು ಯಾರೋ ಪಿಸುಗುಟ್ಟಿದರು, ಸಂಘದ ಕಾರ್ಯದರ್ಶಿ ಕೈ ಕಟ್ಟಿಕೊಂಡು ಕಾದರು.

ಕೆಳಗಿನ ಮೈಕು ಅವಳಿಗಿಂತ ಎತ್ತರದವರಿಗೆ ನಿಲ್ಲಿಸಿದ್ದು, ಅವಳು ಕತ್ತೆತ್ತಿದಳು, ನಮ್ಮ ಮನೆಯಲ್ಲಿ ಎಂದಳು, ನಿಂತಳು, ಇಷ್ಟು ವರ್ಷ ಇಲಾಖೆಯ ಭಾಷೆಯಲ್ಲಿ ಮಾಡತಕ್ಕದ್ದು ಪಡೆಯತಕ್ಕದ್ದು ಎಂದು ಓದಿದ ಬಾಯಿಗೆ ಮನೆಯ ಮಾತು ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುತ್ತಿಲ್ಲ, ನನ್ನ ಓರಗಿತ್ತಿ, ಅವರು, ಅವಳು, ಏಳು ವರ್ಷ, ನಮ್ಮ ಅತ್ತೆಯವರ ಕೈ — ಮಾತು ಎದ್ದಿತು, ನಡುಗಿತು, ಚೆಲ್ಲಿತು, ಯಾರೋ ಕೆಮ್ಮಿದರು, ಅಧ್ಯಕ್ಷರು ಗಟ್ಟಿಯಾಗಿ ಎಂದು ಕಿವಿಗೆ ಕೈ ಹಚ್ಚಿದರು, ಚಿಕಿತ್ಸೆಯ ಒಂದೊಂದು ಹೆಸರೂ ಗೊತ್ತಿರುವವಳು ಮೂರು ಮಾರು ದೂರದಲ್ಲಿದ್ದಾಳೆ, ಒಂದು ಪದ ಎತ್ತಿಕೊಟ್ಟರೆ ಸಾಕು, ಎದ್ದು ಪಕ್ಕದಲ್ಲಿ ನಿಂತರೆ ಸಾಕು, ಅವಳು ತಿರುಗಿ ನೋಡಿದಳು, ಓರಗಿತ್ತಿಯ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿದೆ, ಒರೆಸಿಕೊಳ್ಳುತ್ತಿಲ್ಲ, ಮೂಗಿನ ತುದಿಗೆ ಬಂದರೂ ಒರೆಸಿಕೊಳ್ಳುತ್ತಿಲ್ಲ, ತುಟಿ ಅವಳ ತುಟಿಯ ಜೊತೆ ಅಲುಗುತ್ತಿದೆ, ಹೂಂ, ಮತ್ತೆ, ಮೊದಲಿನಿಂದ ಎನ್ನುವ ಹಾಗೆ, ಅವಳು ಮೈಕಿಗೆ ತಿರುಗಿ, ಸಾರ್ ನಮ್ಮ ಅತ್ತೆಯವರಿಗೆ ಲಕ್ವ ಹೊಡೆದಾಗ ಎಂದಳು, ಈ ಸಲ ಸ್ವಲ್ಪ ಮೇಲಕ್ಕೆ ಬಂತು ಮಾತು, ಇನ್ನೂ ನಡುಗುತ್ತಿದೆ, ಮತ್ತೆ ಮೂರನೆಯ ಸಾಲು, ಆ ಎರಡು ಕೈ, ತೊಡೆಯ ಕೆಳಗೆ, ಮಣಿಕಟ್ಟಿನವರೆಗೂ ಒಳಗೆ, ಹೊರಗೆ ಬರುತ್ತಿಲ್ಲ, ಆ ಕೈಗಳು, ಹೊರಗೆ ಬರುತ್ತಿಲ್ಲ